ಹಳೆಯ ಆರ್ಕೇಡ್ ಯಂತ್ರ ಕೈಕೊಟ್ಟರೆ ಮೊದಲು ಮೀಟರ್ ಹಿಡಿಯಿರಿ

ನಾಣ್ಯ ಹಾಕಿ ವಿಡಿಯೊ ಗೇಮ್ ಆಡುವ ಹಳೆಯ ಆರ್ಕೇಡ್ ಯಂತ್ರ. ಸ್ವಿಚ್ ಹಾಕಿದರೆ ಪರದೆ ಕಪ್ಪು. ಹೀಗಾದ ಕೂಡಲೇ ಹೆಚ್ಚಿನವರು ದೂರುವುದು ಮಾನಿಟರನ್ನು. ನಾನು ಬಿಚ್ಚಿ ನೋಡಿದ ಯಂತ್ರಗಳಲ್ಲಿ ಮಾನಿಟರ್ ನಿಜವಾಗಿಯೂ ಕೆಟ್ಟಿದ್ದದ್ದು ಕಡಿಮೆ. ಅದಕ್ಕೆ ಸಿಗಬೇಕಾದದ್ದು ಸಿಕ್ಕಿರಲಿಲ್ಲ, ಅಷ್ಟೇ. ಆದ್ದರಿಂದ ಕರೆಂಟ್ ಹರಿಯುವ ದಾರಿಯಲ್ಲೇ ನಾವೂ ನಡೆಯೋಣ: ಮೊದಲು ಪವರ್, ಆಮೇಲೆ ವೈರಿಂಗ್, ಕೊನೆಗೆ ಮಾನಿಟರ್. ಮುಖ್ಯವಾಗಿ ಬೇಕಾಗುವ ಸಾಧನ ಒಂದು ಮಲ್ಟಿಮೀಟರ್, ಅಂದರೆ ವೋಲ್ಟೇಜನ್ನೂ ತಂತಿ ಕಡಿದಿದೆಯೇ ಎಂಬುದನ್ನೂ ತೋರಿಸುವ ಮೀಟರ್. ಬಿಡಿಭಾಗ ಕೊಳ್ಳುವ ಮಾತು ಅಳತೆ ಮುಗಿದ ಮೇಲೆ.

ಗೋಡೆಯಿಂದ ಟ್ರಾನ್ಸ್‌ಫಾರ್ಮರ್‌ವರೆಗೆ

ಯಂತ್ರ ಯಾವ ದೇಶಕ್ಕೆಂದು ತಯಾರಾಯಿತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅಮೆರಿಕದ ಯಂತ್ರಕ್ಕೆ ಬೇಕಿರುವುದು 120 ವೋಲ್ಟ್, ಜಪಾನಿನದಕ್ಕೆ 100. ಅದನ್ನು ನೇರವಾಗಿ 230 ವೋಲ್ಟಿಗೆ ಸಿಕ್ಕಿಸಿದರೆ ಮುಂದಿನ ಹಂತಗಳನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಅರ್ಥಿಂಗ್ ತಂತಿ ಪ್ಲಗ್ಗಿನಿಂದ ಯಂತ್ರದ ಲೋಹದ ಭಾಗದವರೆಗೆ ಮುರಿಯದೆ ಬಂದಿದೆಯೇ ಎಂದು, ಪ್ಲಗ್ ಕಿತ್ತಿಟ್ಟೇ ಪರೀಕ್ಷಿಸಿ.

ಹಿಂಬಾಗಿಲು ತೆಗೆದ ಮೇಲೆ ಯಂತ್ರ ಜಪ್ಪಯ್ಯ ಎನ್ನದಿದ್ದರೆ ಗಾಬರಿ ಬೇಡ. ಬಾಗಿಲು ತೆರೆದೊಡನೆ ಕರೆಂಟ್ ಕಡಿಯುವ ಇಂಟರ್‌ಲಾಕ್ ಸ್ವಿಚ್ ಅನೇಕ ಯಂತ್ರಗಳಲ್ಲಿ ಇರುತ್ತದೆ. ಅದರ ಗುಂಡಿಯನ್ನು ಹೊರಕ್ಕೆ ಎಳೆದರೆ ಪರೀಕ್ಷೆಗೆ ಕರೆಂಟ್ ಬರುತ್ತದೆ.

ಫ್ಯೂಸನ್ನು ಕಣ್ಣಿನಲ್ಲಿ ನೋಡಿ ತೀರ್ಮಾನಿಸಬೇಡಿ. ಹೋಲ್ಡರಿನಿಂದ ಹೊರತೆಗೆದು ಮೀಟರಿನಲ್ಲಿ ನೋಡಿ. ಹೋಲ್ಡರಿನ ಹಿಡಿಕೆಗಳು ಸಡಿಲವಾಗಿದ್ದರೂ, ಕಪ್ಪಾಗಿದ್ದರೂ ತೊಂದರೆ ಅಲ್ಲಿಯೇ ಇರಬಹುದು. ಹೊಸ ಫ್ಯೂಸ್ ಹಾಕಿದ ಕೂಡಲೇ ಅದೂ ಹೋದರೆ ಇನ್ನೂ ದೊಡ್ಡ ಫ್ಯೂಸ್ ಹಾಕುವ ತಪ್ಪು ಮಾಡಲೇಬೇಡಿ. ರೇಡಿಯೊ, ಟೀವಿ ಮೆಕ್ಯಾನಿಕ್‌ಗಳು ಬಳಸುವ ಸೀರೀಸ್ ಬಲ್ಬ್ ಇಲ್ಲಿ ಕೈಹಿಡಿಯುತ್ತದೆ. 60ರಿಂದ 100 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಯಂತ್ರಕ್ಕೆ ಕರೆಂಟ್ ಕೊಡಿ. ಬಲ್ಬು ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಒಂದೊಂದೇ ಕನೆಕ್ಟರ್ ಬಿಡಿಸುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ ಬಲ್ಬು ಮಂಕಾಗುತ್ತದೋ ಆ ದಾರಿಯಲ್ಲೇ ಶಾರ್ಟ್ ಇದೆ. ಕನೆಕ್ಟರ್ ಬಿಡಿಸುವಾಗಲೆಲ್ಲ ಪ್ಲಗ್ ಕಿತ್ತಿರಲಿ.

ಐದು ವೋಲ್ಟಿನ ಲೆಕ್ಕ

ಆಟದ ಬೋರ್ಡಿಗೆ ಜೀವ 5 ವೋಲ್ಟ್. ಆ ಕಾಲದ ಟಿಟಿಎಲ್ ಎಂಬ ಬಗೆಯ ಲಾಜಿಕ್ ಚಿಪ್‌ಗಳು 4.75ರಿಂದ 5.25ರೊಳಗೆ ಕೆಲಸ ಮಾಡುವಂಥವು. ಇದನ್ನು ಅಳೆಯಬೇಕಾದ ಜಾಗ ಬೋರ್ಡು, ಪವರ್ ಸಪ್ಲೈ ಅಲ್ಲ. ಬೋರ್ಡಿನ ಮೇಲಿನ 14 ಕಾಲಿನ ಒಂದು ಟಿಟಿಎಲ್ ಚಿಪ್ ಹುಡುಕಿ. ಸಾಮಾನ್ಯವಾಗಿ ಅದರ 7ನೇ ಕಾಲು ಗ್ರೌಂಡ್, 14ನೆಯದು 5 ವೋಲ್ಟ್. ಮೀಟರಿನ ಕಪ್ಪು ಕಡ್ಡಿ 7ನೇ ಕಾಲಿಗೆ, ಕೆಂಪು 14ನೆಯದಕ್ಕೆ. ಕಡ್ಡಿ ಜಾರಿ ಎರಡು ಕಾಲುಗಳು ಕೂಡದಂತೆ ಕೈ ಗಟ್ಟಿಯಾಗಿರಲಿ.

ಆಟದ ನಡುವೆ ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದ ಯಂತ್ರವೊಂದು ನನ್ನನ್ನು ಎರಡು ದಿನ ಕಾಡಿತ್ತು. ಸಪ್ಲೈನಲ್ಲಿ 5.08. ಎಲ್ಲ ಸರಿಯಿದೆ ಎಂದು ಬೋರ್ಡಿನ ಚಿಪ್‌ಗಳನ್ನೇ ಅನುಮಾನಿಸುತ್ತಾ ಕುಳಿತೆ. ಕೊನೆಗೆ ಚಿಪ್ಪಿನ ಕಾಲಿನ ಮೇಲೇ ಕಡ್ಡಿ ಇಟ್ಟರೆ 4.62. ದಾರಿಯಲ್ಲೇ ಅರ್ಧ ವೋಲ್ಟಿನಷ್ಟು ಸೋರಿಹೋಗಿತ್ತು! ಬೋರ್ಡಿನ ಅಂಚಿನ ಕನೆಕ್ಟರನ್ನು ಕಿತ್ತು ಬೆಳಕಿಗೆ ಹಿಡಿದೆ. ಉಳಿದ ಪಿನ್‌ಗಳ ಸುತ್ತ ಪ್ಲಾಸ್ಟಿಕ್ ಬಿಳಿಯಾಗಿತ್ತು. 5 ವೋಲ್ಟಿನ ಎರಡು ಪಿನ್‌ಗಳ ಬಳಿ ಮಾತ್ರ ಬೆಲ್ಲದ ಬಣ್ಣಕ್ಕೆ ತಿರುಗಿ, ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. ಒಳಗಿನ ಪಿನ್ ಕಪ್ಪಾಗಿ ತನ್ನ ಬಿಗಿ ಕಳೆದುಕೊಂಡಿತ್ತು. ಪಿನ್ ಬದಲಿಸಿ, ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೆ ತೊಂದರೆ ನಿಂತಿತು. ಇಂಥಲ್ಲಿ ಸಪ್ಲೈನ ತಿರುಪು ತಿರುಗಿಸಿ ವೋಲ್ಟೇಜ್ ಏರಿಸುವ ಆಸೆ ಹುಟ್ಟುತ್ತದೆ. ಏರಿಸಿದರೆ ಸುಡುತ್ತಿರುವ ಪಿನ್ ಇನ್ನಷ್ಟು ಸುಡುತ್ತದೆ.

ಎಲ್ಲ ಯಂತ್ರಗಳೂ ಒಂದೇ ರೀತಿಯಲ್ಲ. 1980ರ ಪ್ಯಾಕ್‌ಮ್ಯಾನ್ ಬೋರ್ಡಿಗೆ ಹೋಗುವುದು ಸುಮಾರು 7 ವೋಲ್ಟಿನ ಎಸಿ. ಅದು ಡಿಸಿ ಆಗುವುದು ಬೋರ್ಡಿನ ಮೇಲೆಯೇ. ಮೀಟರನ್ನು ಡಿಸಿಯಲ್ಲಿಟ್ಟು ಕನೆಕ್ಟರ್ ಅಳೆದು, ಸೊನ್ನೆ ಕಂಡು, ಪವರ್ ಇಲ್ಲ ಎಂದುಕೊಂಡವರಿದ್ದಾರೆ. ಆಸ್ಟೆರಾಯ್ಡ್ಸ್ ಮೊದಲಾದ ಅಟಾರಿ ಯಂತ್ರಗಳ ತಳದಲ್ಲಿ ನೀಲಿ ಹೊದಿಕೆಯ ದೊಡ್ಡ ಕೆಪಾಸಿಟರ್ ಇರುತ್ತದೆ. ಅದು ಒಣಗಿದರೆ 5 ವೋಲ್ಟಿನಲ್ಲಿ ಏರಿಳಿತ ಸೇರಿ ಬೋರ್ಡು ತಡವರಿಸುತ್ತದೆ. ಮೀಟರನ್ನು ಎಸಿಗೆ ತಿರುಗಿಸಿ ಅದೇ 5 ವೋಲ್ಟಿನ ಜಾಗದಲ್ಲಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟುಗಳನ್ನು ಮೀರಿ ತೋರಿಸಿದರೆ ಆ ಕೆಪಾಸಿಟರ್ ಮೇಲೆ ಅನುಮಾನ ಪಡಬಹುದು.

ವೈರಿಂಗ್

1985ರಲ್ಲಿ ಬಂದ, ಬೋರ್ಡಿನ ಕನೆಕ್ಟರನ್ನು ಎಲ್ಲ ಯಂತ್ರಗಳಿಗೂ ಒಂದೇ ಆಗಿಸಿದ ಜಾಮಾ ಪದ್ಧತಿಯ ಯಂತ್ರವಾದರೆ ಕೆಲಸ ಸುಲಭ: 56 ಪಿನ್, ಪ್ರತಿಯೊಂದರ ಜಾಗವೂ ಗೊತ್ತು. 1, 2 ಗ್ರೌಂಡ್. 3, 4 ಐದು ವೋಲ್ಟ್. 6 ಹನ್ನೆರಡು ವೋಲ್ಟ್. ಅದಕ್ಕಿಂತ ಹಳೆಯ ಯಂತ್ರಕ್ಕೆ ಅದರದೇ ನಕ್ಷೆ ಬೇಕು.

ಒಂದು ಗುಂಡಿ ಮಾತ್ರ ಕೆಲಸ ಮಾಡದಿದ್ದರೆ ಅದರ ಮೈಕ್ರೊಸ್ವಿಚ್ ನೋಡಿ. ಸಾಲಾಗಿ ಹಲವು ಗುಂಡಿಗಳು ಸತ್ತಿದ್ದರೆ ಸ್ವಿಚ್‌ಗಳನ್ನು ಬಿಟ್ಟುಬಿಡಿ. ಗ್ರೌಂಡ್ ತಂತಿ ಒಂದು ಸ್ವಿಚ್ಚಿನಿಂದ ಮುಂದಿನದಕ್ಕೆ ಹೂಮಾಲೆಯಂತೆ ಪೋಣಿಸಿಕೊಂಡು ಹೋಗಿರುತ್ತದೆ. ಅದು ಕಡಿದ ಜಾಗದಿಂದಾಚೆ ಇರುವುದೆಲ್ಲ ಸತ್ತಂತೆಯೇ.

ಮಾನಿಟರ್

ಇಲ್ಲಿ ಅವಸರ ಬೇಡ. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ ಸುಮಾರು 20,000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಉದ್ದನೆಯ ಸ್ಕ್ರೂಡ್ರೈವರಿನ ಲೋಹದ ಭಾಗಕ್ಕೆ ಕ್ಲಿಪ್ ತಂತಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಒತ್ತಿಕೊಂಡಿರುವ ಬರಿಯ ಹೆಣೆದ ಗ್ರೌಂಡ್ ತಂತಿಗೆ ಕಚ್ಚಿಸಿ. ಆಟದ ಬೋರ್ಡಿನ ಗ್ರೌಂಡಿಗಲ್ಲ. ಒಂದು ಕೈ ಬೆನ್ನ ಹಿಂದೆ. ಟ್ಯೂಬಿನ ಮೇಲಿನ ರಬ್ಬರ್ ಬಟ್ಟಲಿನಡಿ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಲೋಹ ಮುಟ್ಟಿಸಿ. ಚಟ್ ಎನ್ನಬಹುದು, ಎನ್ನದೆಯೂ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಾಡಿ, ಟ್ಯೂಬು ತುಸು ಮತ್ತೆ ತುಂಬಿಕೊಂಡಿರುತ್ತದೆ. ಇದನ್ನು ಕಣ್ಣಾರೆ ನೋಡಿರದವರು ತಿಳಿದವರೊಬ್ಬರನ್ನು ಜೊತೆಗಿಟ್ಟುಕೊಂಡೇ ಮಾಡಿ. ಇನ್ನೊಂದು ಮಾತು: ಹಳೆಯ ಬಹುಪಾಲು ಮಾನಿಟರ್‌ಗಳಿಗೆ ಅವನ್ನು ಗೋಡೆಯ ಕರೆಂಟಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದಿಲ್ಲದೆ ಕರೆಂಟ್ ಕೊಟ್ಟರೆ ಚಾಸಿಯೇ, ಅಂದರೆ ಮಾನಿಟರಿನ ಸರ್ಕ್ಯೂಟ್ ಕೂತಿರುವ ಚೌಕಟ್ಟೇ, ಶಾಕ್ ಹೊಡೆಯುತ್ತದೆ.

ಇನ್ನು ಲಕ್ಷಣಗಳು. ಟ್ಯೂಬಿನ ಕುತ್ತಿಗೆಯಲ್ಲಿ ಕಿತ್ತಳೆ ಬೆಳಕು ಕಾಣುತ್ತಿದ್ದರೆ ಹೀಟರ್ ಉರಿಯುತ್ತಿದೆ. ಬೆಳಕೂ ಇಲ್ಲ, ಸಣ್ಣ ಕೀರಲು ಸದ್ದೂ ಇಲ್ಲವೆಂದರೆ ಚಾಸಿಯ ಫ್ಯೂಸ್, ಬಿ ಪ್ಲಸ್ ಎನ್ನುವ ಮಾನಿಟರಿನ ಮುಖ್ಯ ಡಿಸಿ ವೋಲ್ಟೇಜ್, ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ನೋಡಿ. ಎಲೆಕ್ಟ್ರೋಹೋಮ್ ಜಿ07 ಚಾಸಿಯಲ್ಲಿ ಬಿ ಪ್ಲಸ್ 120 ವೋಲ್ಟ್ ಇರಬೇಕು. ಪರದೆಯ ನಡುವೆ ಅಡ್ಡಕ್ಕೆ ಒಂದೇ ಪ್ರಖರ ಗೆರೆ ಬಂದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ವಿಭಾಗ ಹೋಗಿದೆ. ಆ ಗೆರೆ ಪರದೆಯನ್ನು ಸುಡುವ ಮೊದಲೇ ಆಫ್ ಮಾಡಿ. ಅಂಚುಗಳು ಬಾಗಿ ಬಳುಕುತ್ತಿದ್ದರೆ, ಅಗಲದ ಪಟ್ಟಿಯೊಂದು ಮೇಲಕ್ಕೆ ಹರಿಯುತ್ತಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರುವ ಸಂಭವ ಹೆಚ್ಚು. ಪೆಟ್ಟಿಗೆ ತಟ್ಟಿದಾಗ ಚಿತ್ರ ಬಂದುಹೋದರೆ ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ. ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನ ಮತ್ತು ಕನೆಕ್ಟರಿನ ಕಾಲುಗಳ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕನ್ನು ಭೂತಗನ್ನಡಿಯಲ್ಲಿ ಹುಡುಕಿ. ಒಂದು ಬಣ್ಣವಷ್ಟೇ ಇಲ್ಲದಿದ್ದರೆ ಮೊದಲು ಆ ಬಣ್ಣದ ವಿಡಿಯೊ ತಂತಿ ನೋಡಿ. 1981ರ ಡಾಂಕಿ ಕಾಂಗ್ ಬೋರ್ಡನ್ನು ಸಾಮಾನ್ಯ ಮಾನಿಟರಿಗೆ ಜೋಡಿಸಿದರೆ ಬಣ್ಣಗಳು ಫೋಟೊ ನೆಗೆಟಿವ್‌ನಂತೆ ಕಾಣುತ್ತವೆ. ಅದು ಕೆಟ್ಟದ್ದಲ್ಲ. ಅದರ ವಿಡಿಯೊ ಸಿಗ್ನಲ್ಲೇ ತಲೆಕೆಳಗು, ಅದನ್ನು ತಿರುಗಿಸಿ ಸರಿಮಾಡುವ ವಿಡಿಯೊ ಇನ್ವರ್ಟರ್ ಬೋರ್ಡ್ ಬೇಕು.

ಎಲ್ಲ ಸರಿಹೋಯಿತು ಅನ್ನಿಸಿದ ಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಾಗಿರುವಾಗಲೇ ಮತ್ತೆ ಚಿಪ್ಪಿನ ಕಾಲಿನಲ್ಲಿ 5 ವೋಲ್ಟ್ ಅಳೆಯಿರಿ. ನಂತರ ಪ್ಲಗ್ ಕಿತ್ತು, ಪರೀಕ್ಷೆಗೆಂದು ಎಳೆದಿಟ್ಟಿದ್ದ ಇಂಟರ್‌ಲಾಕ್ ಗುಂಡಿಯನ್ನು ಮೊದಲಿನ ಜಾಗಕ್ಕೆ ತಂದು ಹಿಂಬಾಗಿಲು ಹಾಕಿ.