ಅಸ್ತಮಾ ಕುರಿತ ಸಂಶೋಧನಾ ಪ್ರಬಂಧವನ್ನು ಓದುವುದು ಹೇಗೆ?

ಹೊಸ ಚಿಕಿತ್ಸೆಯಿಂದ ಉಬ್ಬಸದ ಕಾಟ ಅರ್ಧಕ್ಕೆ ಇಳಿಯಿತು ಎಂಬ ಸುದ್ದಿಯನ್ನು ಓದಿದವರಲ್ಲಿ ಮೂಲ ಪ್ರಬಂಧವನ್ನು ತೆರೆದು ನೋಡುವವರು ವಿರಳ. ಎಲ್ಲಿ ಏನನ್ನು ಹುಡುಕಬೇಕೆಂಬುದು ಗೊತ್ತಿದ್ದರೆ ವೈದ್ಯರಲ್ಲದವರಿಗೂ ಅದರ ತಿರುಳು ದಕ್ಕುತ್ತದೆ. ನ್ಯೂಜಿಲೆಂಡ್‌ನ ವೆಲಿಂಗ್ಟನ್ ನಗರದ ಸಂಶೋಧಕ ರಿಚರ್ಡ್ ಬೀಸ್ಲಿ ಮತ್ತು ಸಂಗಡಿಗರು 2019ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ನಾವೆಲ್ ಸ್ಟಾರ್ಟ್’ ಪ್ರಯೋಗವನ್ನೇ ಮುಂದಿಟ್ಟುಕೊಂಡು ನೋಡೋಣ.

ಮೊದಲು, ಪ್ರಯೋಗಕ್ಕೆ ಒಳಪಟ್ಟವರು ಯಾರು ಎಂಬುದನ್ನು ನೋಡಬೇಕು. ಇಲ್ಲಿ ಲೆಕ್ಕಕ್ಕೆ ಬಂದ 668 ಮಂದಿಯೂ ವಯಸ್ಕರು, ಸೌಮ್ಯ ಅಸ್ತಮಾ ಉಳ್ಳವರು, ಅಲ್ಲಿಯವರೆಗೆ ಉಸಿರು ಕಟ್ಟಿದಾಗ ಮಾತ್ರ ಇನ್ಹೇಲರ್ ಎಳೆದುಕೊಳ್ಳುತ್ತಿದ್ದವರು. ಮಕ್ಕಳಿಗಾಗಲಿ, ತೀವ್ರ ಅಸ್ತಮಾದಿಂದ ಬಳಲುವವರಿಗಾಗಲಿ ಇದರ ಫಲಿತಾಂಶವನ್ನು ನೇರವಾಗಿ ಅನ್ವಯಿಸುವಂತಿಲ್ಲ.

ಎರಡನೆಯದಾಗಿ, ಯಾವುದನ್ನು ಯಾವುದರೊಂದಿಗೆ ಹೋಲಿಸಿದ್ದಾರೆ? ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ಹಂಚಲಾದ ಇವರಲ್ಲಿ ಒಂದು ಗುಂಪಿಗೆ ಬೇಕೆನಿಸಿದಾಗ ಆಲ್ಬ್ಯುಟೆರಾಲ್ ಮಾತ್ರ (ಶ್ವಾಸನಾಳವನ್ನು ಹಿಗ್ಗಿಸಿ ಬೇಗ ಆರಾಮ ಕೊಡುವ ಔಷಧ; ನಮ್ಮ ಔಷಧಿ ಅಂಗಡಿಗಳಲ್ಲಿ ಸಾಲ್ಬುಟಮಾಲ್ ಎಂದು ದೊರೆಯುವುದೂ ಇದೇ), ಇನ್ನೊಂದಕ್ಕೆ ದಿನಕ್ಕೆರಡು ಬಾರಿ ಬ್ಯುಡೆಸೊನೈಡ್ ಎಂಬ, ಶ್ವಾಸನಾಳದ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮತ್ತು ಬೇಕಾದಾಗ ಆಲ್ಬ್ಯುಟೆರಾಲ್, ಮೂರನೆಯದಕ್ಕೆ ಬ್ಯುಡೆಸೊನೈಡ್ ಹಾಗೂ ಶ್ವಾಸನಾಳವನ್ನು ಹಿಗ್ಗಿಸುವ ಫಾರ್ಮೊಟೆರಾಲ್ ಕೂಡಿದ ಒಂದೇ ಇನ್ಹೇಲರ್ ಅನ್ನು ಬೇಕಾದಾಗ ಮಾತ್ರ ಕೊಡಲಾಯಿತು.

ಬಳಿಕ ಅಂಕಿಗಳಿಗೆ ಬರಬೇಕು. ನಿಧಾನಿಸಬೇಕಾದ ಜಾಗ ಇದು. ರೋಗ ಉಲ್ಬಣಿಸಿದ ಪ್ರಮಾಣ ಒಬ್ಬರಿಗೆ ವರ್ಷಕ್ಕೆ ಮೊದಲ ಗುಂಪಿನಲ್ಲಿ 0.400, ಮೂರನೆಯದರಲ್ಲಿ 0.195. ಅಂದರೆ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು 40 ಸಲ ಆಗುತ್ತಿದ್ದುದು 20ರ ಆಸುಪಾಸಿಗೆ ಇಳಿಯಿತು. ‘ಅರ್ಧ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ದಿನವೂ ಸ್ಟೀರಾಯ್ಡ್ ಪಡೆದ ಗುಂಪಿನ ಪ್ರಮಾಣ 0.175 ಇತ್ತು, ಅದಕ್ಕೆ ಹೋಲಿಸಿದರೆ ಹೊಸ ಕ್ರಮದ ಹೆಚ್ಚುಗಾರಿಕೆ ಏನೂ ಇಲ್ಲ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ತೀವ್ರ ಸ್ವರೂಪದ ಉಲ್ಬಣಗಳು ಮೂರು ಗುಂಪುಗಳಲ್ಲಿ ಕ್ರಮವಾಗಿ 23, 21 ಮತ್ತು 9. ಮೂರನೆಯ ಗುಂಪಿನಲ್ಲಿ ಇದು ಸಾಧ್ಯವಾದದ್ದೂ ದಿನವೂ ಸ್ಟೀರಾಯ್ಡ್ ಪಡೆದವರ ಸರಾಸರಿ ಪ್ರಮಾಣದ ಅರ್ಧಕ್ಕಿಂತ ಕಡಿಮೆ ಸ್ಟೀರಾಯ್ಡ್‌ನಿಂದ. ಇನ್ನು ‘ಉಲ್ಬಣ’ ಎಂದರೇನು ಎಂಬುದನ್ನೂ ಪ್ರಬಂಧದಲ್ಲೇ ಹುಡುಕಬೇಕು: ತುರ್ತಾಗಿ ವೈದ್ಯರನ್ನು ಕಂಡದ್ದು, ಸ್ಟೀರಾಯ್ಡ್ ಮಾತ್ರೆ ಬರೆಸಿಕೊಂಡದ್ದು ಮಾತ್ರವಲ್ಲ, ಒಂದೇ ದಿನದಲ್ಲಿ ಇನ್ಹೇಲರ್ ಅನ್ನು ಮಿತಿಮೀರಿ ಬಳಸಿದ್ದೂ ಅದರಲ್ಲಿ ಸೇರಿದೆ.

ನಾಲ್ಕನೆಯ ಹೆಜ್ಜೆ, ಕೊರತೆಗಳನ್ನು ಗುರುತಿಸುವುದು. ಯಾರಿಗೆ ಯಾವ ಔಷಧ ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿದಿತ್ತು. ಹಣ ಒದಗಿಸಿದವರಲ್ಲಿ ನ್ಯೂಜಿಲೆಂಡ್‌ನ ಆರೋಗ್ಯ ಸಂಶೋಧನಾ ಮಂಡಳಿಯ ಜೊತೆಗೆ ಔಷಧ ತಯಾರಕ ಕಂಪನಿ ಆಸ್ಟ್ರಾಜೆನೆಕಾ ಕೂಡ ಇತ್ತು. ಇದರಿಂದ ಪ್ರಬಂಧ ಸುಳ್ಳಾಗುವುದಿಲ್ಲವಾದರೂ ಬೇರೆಯವರು ಏನನ್ನು ಕಂಡುಕೊಂಡಿದ್ದಾರೆ ಎಂದು ಕೇಳುವುದು ನ್ಯಾಯ. 2018ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ‘ಸಿಗ್ಮಾ’ ಪ್ರಯೋಗಗಳಲ್ಲಿ ಔಷಧದ ಗುರುತನ್ನು ಮುಚ್ಚಿಡಲಾಗಿತ್ತು. ಅಲ್ಲಿಯೂ ತೀರ್ಮಾನ ಬಹುಮಟ್ಟಿಗೆ ಇದೇ ದಿಕ್ಕಿನದು, ಆದರೆ ಅವಕ್ಕೂ ಹಣ ಅದೇ ಕಂಪನಿಯದು.

ಸಂಶೋಧಕರ ಹಿಂದಿನ ಕೆಲಸವನ್ನು ನೋಡುವುದೂ ಉಪಯುಕ್ತ. 1989ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿ, ನ್ಯೂಜಿಲೆಂಡ್‌ನ ಅಸ್ತಮಾ ಸಾವುಗಳಿಗೂ ಬೇಗ ಆರಾಮ ಕೊಡುವ ಫೆನೊಟೆರಾಲ್ ಎಂಬ ಔಷಧದ ಇನ್ಹೇಲರ್‌ಗೂ ನಂಟಿರುವುದನ್ನು ತೋರಿಸಿದ ತಂಡದಲ್ಲಿ ಬೀಸ್ಲಿಯವರೂ ಇದ್ದರು. ಆರಾಮ ಕೊಡುವ ಇನ್ಹೇಲರ್ ಒಂದನ್ನೇ ನೆಚ್ಚಿಕೊಳ್ಳುವುದರ ಬಗೆಗಿನ ಅವರ ಸಂಶಯ ಹೊಸದಲ್ಲ.

ಕೊನೆಗೆ ಚಿಕಿತ್ಸಾ ಮಾರ್ಗಸೂಚಿಯನ್ನು ತೆರೆಯಿರಿ. ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಸಾಲ್ಬುಟಮಾಲ್‌ನಂಥ ಇನ್ಹೇಲರ್ ಒಂದನ್ನೇ ಕೊಡಬಾರದೆಂದು ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ‘ಗಿನಾ’ 2019ರಲ್ಲಿ ಹೇಳಿತು. ನಿಮ್ಮ ಔಷಧ ಚೀಟಿಯಲ್ಲಿ ಅದೊಂದೇ ಇದ್ದರೆ ನೀವಾಗಿ ಬದಲಿಸದೆ, ಮುಂದಿನ ಭೇಟಿಯಲ್ಲಿ ವೈದ್ಯರನ್ನು ಅದಕ್ಕೆ ಕಾರಣ ಕೇಳಿ.