ಕರೆಂಟ್ ಹೋದರೂ ವಿಎಂ ಕೆಡದಿರಲಿ

ಒಂದು ಸಣ್ಣ ಆಫೀಸು ಅಂದುಕೊಳ್ಳಿ. ಒಂದೇ ಸರ್ವರ್, ಅದರ ಮೇಲೆ ಪ್ರಾಕ್ಸ್‌ಮಾಕ್ಸ್, ಅಂದರೆ ಒಂದೇ ಸರ್ವರ್‌ನಲ್ಲಿ ಹಲವು ಕಂಪ್ಯೂಟರ್‌ಗಳನ್ನು ಓಡಿಸುವ ಸಾಫ್ಟ್‌ವೇರ್. ಒಳಗೆ ಮೂರು ವರ್ಚುವಲ್ ಮಷೀನ್ (ವಿಎಂ, ಸಾಫ್ಟ್‌ವೇರ್‌ನಲ್ಲೇ ಇರುವ ಕಂಪ್ಯೂಟರ್): ಡೇಟಾಬೇಸ್, ಅದನ್ನು ಬಳಸುವ ಬಿಲ್ಲಿಂಗ್, ಟ್ಯಾಲಿ ಓಡುವ ವಿಂಡೋಸ್. ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು ಸರ್ವರ್ ಧಪ್ ಎಂದು ನಿಂತರೆ ಹೋಸ್ಟ್ (ಅಂದರೆ ಆ ಸರ್ವರ್) ಮತ್ತೆ ಎದ್ದುಬಿಡುತ್ತದೆ. ಅರ್ಧ ಬರೆದ ಡೇಟಾಬೇಸ್ ಏಳುತ್ತದೆ ಅನ್ನುವ ಖಾತ್ರಿ ಇಲ್ಲ.

ಮೊದಲು ಗೆಸ್ಟ್ ಏಜೆಂಟ್

ಹೋಸ್ಟ್ ಆಫ್ ಆಗುವಾಗ ಪ್ರಾಕ್ಸ್‌ಮಾಕ್ಸ್ ಪ್ರತಿ ವಿಎಂಗೂ ಶಟ್‌ಡೌನ್ ಆಗಲು ಹೇಳುತ್ತದೆ. ವಿಎಂ ಒಳಗೆ ಕೂತು ಪ್ರಾಕ್ಸ್‌ಮಾಕ್ಸ್ ಮಾತು ಕೇಳುವ ಸಣ್ಣ ಪ್ರೋಗ್ರಾಂ, ಅಂದರೆ ಗೆಸ್ಟ್ ಏಜೆಂಟ್, ಇಲ್ಲದಿದ್ದರೆ ಪವರ್ ಬಟನ್ ಒತ್ತಿದಂತೆ ಎಸಿಪಿಐ ಸಂದೇಶ ಹೋಗುತ್ತದೆ, ಅಷ್ಟೇ. ವಿಂಡೋಸ್‌ನಲ್ಲಿ ಆ ಬಟನ್‌ಗೆ 'ಡೂ ನಥಿಂಗ್' ಅಂತ ಇಟ್ಟಿದ್ದರೆ ಅದು ಕಿವುಡನ ಮುಂದೆ ಕಿನ್ನರಿ.

ಹಾಗಾಗಿ ವಿಎಂ ಒಳಗೆ ಕ್ಯೂಎಂಯು ಗೆಸ್ಟ್ ಏಜೆಂಟ್ ಹಾಕಿ. ಲಿನಕ್ಸ್‌ನಲ್ಲಿ ಅದೊಂದು ಮಾಮೂಲಿ ಪ್ಯಾಕೇಜು. ವಿಂಡೋಸ್‌ಗೆ ವರ್ಟ್‌ಐಒ ಡ್ರೈವರ್‌ಗಳ ಐಎಸ್‌ಒ ಡಿಸ್ಕ್ ಫೈಲಿನಲ್ಲಿ ಸಿಗುತ್ತದೆ. ಆಮೇಲೆ ವಿಎಂನ ಆಪ್ಷನ್ಸ್‌ನಲ್ಲಿ ಏಜೆಂಟ್ ಆನ್ ಮಾಡಿ, ವಿಎಂ ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿ. ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು.

ಇಲ್ಲೊಂದು ಎಡವಟ್ಟು ಆಗುತ್ತಿರುತ್ತದೆ. ಆಪ್ಷನ್ ಆನ್ ಮಾಡಿ, ಒಳಗೆ ಏಜೆಂಟ್ ಹಾಕುವುದನ್ನೇ ಮರೆಯುತ್ತಾರೆ. ಆಗ ಪ್ರಾಕ್ಸ್‌ಮಾಕ್ಸ್ ಇಲ್ಲದ ಏಜೆಂಟ್‌ನನ್ನು ಕರೆಯುತ್ತಾ ಕೂರುತ್ತದೆ, ಟಾಸ್ಕ್ ಲಾಗ್‌ನಲ್ಲಿ 'ಗಾಟ್ ಟೈಮ್‌ಔಟ್' ಬರುತ್ತದೆ. ಸುಮ್ನೆ ಆನ್ ಮಾಡಿ ಬಿಡುವುದಕ್ಕಿಂತ ಆಫ್ ಇರುವುದೇ ವಾಸಿ.

ಯಾರು ಮೊದಲು, ಯಾರು ಕೊನೆ

ಅದೇ ಆಪ್ಷನ್ಸ್‌ನಲ್ಲಿ 'ಸ್ಟಾರ್ಟ್/ಶಟ್‌ಡೌನ್ ಆರ್ಡರ್' ಇದೆ. ಡೇಟಾಬೇಸ್‌ಗೆ 1, ಬಿಲ್ಲಿಂಗ್‌ಗೆ 2, ಟ್ಯಾಲಿಗೆ 3 ಕೊಡಿ. ಏಳುವಾಗ 1ರಿಂದ, ಮುಚ್ಚುವಾಗ ಉಲ್ಟಾ. ಅಂದರೆ ಬಿಲ್ಲಿಂಗ್ ನಿಂತ ಮೇಲೇ ಡೇಟಾಬೇಸ್ ನಿಲ್ಲುತ್ತದೆ. ನಮಗೆ ಬೇಕಾದದ್ದೂ ಅದೇ ಅಲ್ವಾ? 'ಸ್ಟಾರ್ಟ್ ಅಟ್ ಬೂಟ್' ಕೂಡ ಆನ್ ಮಾಡಿ. ಹಲವು ಸರ್ವರ್‌ಗಳ ಕ್ಲಸ್ಟರ್ ಕಟ್ಟಿ ವಿಎಂಗಳನ್ನು ಎಚ್‌ಎಗೆ (ಒಂದು ಸರ್ವರ್ ಕೆಟ್ಟರೆ ವಿಎಂ ಅನ್ನು ಇನ್ನೊಂದರಲ್ಲಿ ಏಳಿಸುವ ವ್ಯವಸ್ಥೆ) ಸೇರಿಸಿದ್ದರೆ ಮಾತ್ರ ಈ ಆರ್ಡರ್ ಲೆಕ್ಕಕ್ಕೆ ಬರುವುದಿಲ್ಲ.

ನಿಮಿಷಗಳ ಲೆಕ್ಕ

ಜಾಸ್ತಿ ಜನ ಎಡವುವುದು ಇಲ್ಲಿ. ವಿಎಂ ನಿಲ್ಲಲು ಪ್ರಾಕ್ಸ್‌ಮಾಕ್ಸ್ ಕಾಯುವುದು 180 ಸೆಕೆಂಡ್. ಅಷ್ಟರಲ್ಲಿ ನಿಲ್ಲದಿದ್ದರೆ ಪ್ಲಗ್ ಕಿತ್ತಂತೆ ಬಲವಂತವಾಗಿ ನಿಲ್ಲಿಸುತ್ತದೆ. ಲಿನಕ್ಸ್‌ಗೆ ಸಾಮಾನ್ಯವಾಗಿ ಇಷ್ಟು ಸಾಕು. ಆದರೆ ವಿಂಡೋಸ್ ಅದೇ ಹೊತ್ತಿಗೆ ಅಪ್‌ಡೇಟ್ ಹಾಕಿಕೊಳ್ಳಲು ಕೂತರೆ? ಅರ್ಧ ಅಪ್‌ಡೇಟ್‌ನಲ್ಲೇ ಕುತ್ತಿಗೆ ಹಿಸುಕಿದ ಹಾಗಾಗುತ್ತದೆ. ಅದರ ಶಟ್‌ಡೌನ್ ಟೈಮ್‌ಔಟ್ 600 ಮಾಡಿ.

ಈಗ ಕೂಡಿ ನೋಡಿ. ಟ್ಯಾಲಿಗೆ 600, ಬಿಲ್ಲಿಂಗ್‌ಗೆ 180, ಡೇಟಾಬೇಸ್‌ಗೆ 180. ಒಟ್ಟು 960 ಸೆಕೆಂಡ್, ಅಂದರೆ 16 ನಿಮಿಷ. ಹೋಸ್ಟ್ ತಾನು ಮುಚ್ಚಿಕೊಳ್ಳಲು ಇನ್ನೂ ಒಂದೆರಡು ನಿಮಿಷ. ನಿಮ್ಮ ಯುಪಿಎಸ್ ಈ ಲೋಡಿಗೆ 25 ನಿಮಿಷ ತಡೆಯುತ್ತದೆ ಎಂದಾದರೆ, ಕರೆಂಟ್ ಹೋದ 5 ನಿಮಿಷಕ್ಕೇ ಶಟ್‌ಡೌನ್ ಶುರುವಾಗಬೇಕು. 'ಬ್ಯಾಟರಿ ಲೋ' ಬರಲಿ ಅಂತ ಕಾದರೆ ಹೊತ್ತು ಮೀರಿರುತ್ತದೆ.

ಯುಪಿಎಸ್ ಮಾತಾಡಬೇಕು

ಯುಪಿಎಸ್‌ನ ಯುಎಸ್‌ಬಿ ಕೇಬಲ್ಲನ್ನು ಸರ್ವರ್‌ಗೆ ಚುಚ್ಚಿ, ಯುಪಿಎಸ್ ಮೇಲೆ ಕಣ್ಣಿಡುವ ಎನ್‌ಯುಟಿ ಎಂಬ ಸಾಫ್ಟ್‌ವೇರ್ ಹಾಕಿ. ಹಾಕಬೇಕಾದ್ದು ಹೋಸ್ಟ್‌ನಲ್ಲಿ, ಯಾವುದೋ ವಿಎಂ ಒಳಗಲ್ಲ. ಅದು ತಾನಾಗಿಯೇ ಶಟ್‌ಡೌನ್ ಮಾಡುವುದು ಬ್ಯಾಟರಿ ಲೋ ಆದಾಗ. 5 ನಿಮಿಷದ ಟೈಮರ್‌ಗೆ ಅದರ ಜೊತೆಗೇ ಬರುವ 'ಯುಪಿಎಸ್‌ಸ್ಕೆಡ್' ಬಳಸಿ. ಮನೆಗೆ ಹಾಕುವ ಮಾಮೂಲಿ ಇನ್ವರ್ಟರ್‌ಗೆ ಇಂಥ ಕೇಬಲ್ ಇರುವುದು ಅಪರೂಪ. ಅದನ್ನೇ ನಂಬಿದ್ದರೆ ನಡುವೆ ಒಂದು ಸಣ್ಣ ಯುಎಸ್‌ಬಿ ಯುಪಿಎಸ್ ಇಡಿ.

ಕೊನೆಗೆ ಪರೀಕ್ಷೆ. ಬ್ಯಾಕಪ್ ತೆಗೆದು, ಎಲ್ಲರೂ ಮನೆಗೆ ಹೋದ ಮೇಲೆ ಮೊದಲು ಹೋಸ್ಟನ್ನು ಮೆನುವಿನಿಂದ ಶಟ್‌ಡೌನ್ ಮಾಡಿ, ಪ್ರತಿ ವಿಎಂ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಟಾಸ್ಕ್ ಲಾಗ್‌ನಲ್ಲಿ ನೋಡಿ. ಅದು ಸರಿ ಇದ್ದರೆ ಇನ್ನೊಂದು ಸಂಜೆ ಗೋಡೆಯ ಸ್ವಿಚ್ ಆರಿಸಿ. ವಿಎಂ ಕೈಯಾರೆ ಮುಚ್ಚುವಾಗಲೂ 'ಶಟ್‌ಡೌನ್' ಬಟನ್ನೇ ಒತ್ತಿ, 'ಸ್ಟಾಪ್' ಅಲ್ಲ. ಕರೆಂಟ್ ಬಂದಾಗ ಸರ್ವರ್ ತಾನಾಗಿ ಏಳಬೇಕೆಂದರೆ ಬಯೋಸ್‌ನಲ್ಲಿ ಎಸಿ ಪವರ್ ಮರಳಿದಾಗ 'ಪವರ್ ಆನ್' ಅಂತ ಇಡಿ.