ಮನೆಯ ಕಾಫಿಗೆ ಮೊದಲು ಬೇಕಾದದ್ದು ಒಳ್ಳೆಯ ಗ್ರೈಂಡರ್

ಮನೆಯ ಕಾಫಿಯ ರುಚಿಯನ್ನು ಸುಧಾರಿಸಬೇಕೆಂದು ಹೊರಟವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಎಸ್ಪ್ರೆಸೊ ಯಂತ್ರದ ಮೇಲೆ ಅಥವಾ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಜಾಲರಿಯಿಂದ ಕೆಳಕ್ಕೆ ಒತ್ತಿ ಸೋಸುವ ಗಾಜಿನ ಫ್ರೆಂಚ್ ಪ್ರೆಸ್ ಮೇಲೆ. ಬೀಜ ಪುಡಿ ಮಾಡುವ ಸಲಕರಣೆಯ ಯೋಚನೆ ಬರುವುದು ಕೊನೆಗೆ. ಈ ಕ್ರಮ ತಿರುಗಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಹಾಗಾಗಿ ಒಳ್ಳೆಯ ಬೀಜ ನಮಗೆ ಸಿಗದ ವಸ್ತುವಲ್ಲ. ಆ ಬೀಜದ ಗುಣ ಲೋಟಕ್ಕೆ ಬರುವ ಮುನ್ನವೇ ಕಳೆದುಹೋಗುವುದು ಬಹುಪಾಲು ಪುಡಿಯ ಹಂತದಲ್ಲಿ. ಕೈಯಲ್ಲಿರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗ್ರೈಂಡರಿಗೆ ಮೀಸಲಿಟ್ಟು, ಮನೆಯಲ್ಲಿ ಈಗಾಗಲೇ ಇರುವ ಸ್ಟೀಲ್ ಫಿಲ್ಟರಿನಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪುಡಿ ಸಮನಾಗಿರಬೇಕು ಏಕೆ

ಹುರಿದ ಬೀಜವನ್ನು ಪುಡಿ ಮಾಡಿದ ಕ್ಷಣದಿಂದಲೇ ಅದರ ಪರಿಮಳ ಗಾಳಿಗೆ ಹೋಗತೊಡಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಅಷ್ಟೇ ಮುಖ್ಯವಾದ, ಆದರೆ ಗಮನಕ್ಕೆ ಬಾರದ ಸಂಗತಿ ಕಣದ ಗಾತ್ರ. ಬಿಸಿನೀರು ಸಣ್ಣ ಕಣದಿಂದ ಸಾರವನ್ನು ಬೇಗ ಎಳೆಯುತ್ತದೆ, ದೊಡ್ಡ ಕಣದಿಂದ ನಿಧಾನವಾಗಿ ಎಳೆಯುತ್ತದೆ. ಒಂದೇ ಪುಡಿಯಲ್ಲಿ ಧೂಳಿನಂಥ ಕಣವೂ ಒಡಕು ಬೀಜವೂ ಸೇರಿದ್ದರೆ ಧೂಳಿನಿಂದ ಕಹಿ, ಒಡಕಿನಿಂದ ಅರೆಬೆಂದ ಹುಳಿ ಒಟ್ಟಿಗೇ ಇಳಿಯುತ್ತವೆ. ಇಂಥ ಡಿಕಾಕ್ಷನ್ ಅನ್ನು ಹಾಲು, ಸಕ್ಕರೆ ಮರೆಸಬಹುದೇ ಹೊರತು ಸರಿಪಡಿಸಲಾರವು.

ಮಿಕ್ಸಿಯಲ್ಲಿ ಆಗುವುದು ಇದೇ. ಅದರ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಸಿಕ್ಕಸಿಕ್ಕಲ್ಲಿ ಹೊಡೆದು ಚೂರು ಮಾಡುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ಪುಡಿ ಬಿಸಿಯೂ ಆಗುತ್ತದೆ. ಸದ್ಯಕ್ಕೆ ಮಿಕ್ಸಿಯೇ ಗತಿ ಎನ್ನುವವರು ಮಸಾಲೆ ವಾಸನೆಯಿಲ್ಲದ ಚಿಕ್ಕ ಜಾರ್ ಒಂದನ್ನು ಕಾಫಿಗೆಂದೇ ಇಟ್ಟುಕೊಂಡು, ಎರಡು ಮೂರು ಸೆಕೆಂಡಿನಷ್ಟೇ ತಿರುಗಿಸಿ, ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ತಿರುಗಿಸಬೇಕು. ಕೊನೆಗೆ ಜರಡಿ ಹಿಡಿದು ದಪ್ಪ ಚೂರುಗಳನ್ನು ಬೇರ್ಪಡಿಸಿದರೆ ಫಲ ಸ್ವಲ್ಪ ಉತ್ತಮವಾಗುತ್ತದೆ.

ಗ್ರೈಂಡರ್ ಆರಿಸುವಾಗ

ಕೊಳ್ಳಬೇಕಾದದ್ದು ಬರ್ ಗ್ರೈಂಡರ್. ಇದರಲ್ಲಿ ಹಲ್ಲುಳ್ಳ ಎರಡು ಭಾಗಗಳಿದ್ದು, ಒಂದು ಸ್ಥಿರವಾಗಿ ನಿಂತು ಇನ್ನೊಂದು ತಿರುಗುತ್ತದೆ. ಎರಡರ ನಡುವಿನ ಸಂದಿಗಿಂತ ಚಿಕ್ಕದಾಗುವವರೆಗೆ ಬೀಜ ಕೆಳಗೆ ಬೀಳುವುದಿಲ್ಲ. ಆ ಸಂದಿಯನ್ನು ಹೆಚ್ಚುಕಡಿಮೆ ಮಾಡುವುದರಿಂದಲೇ ಪುಡಿ ದಪ್ಪವೋ ನುಣುಪೋ ಆಗುತ್ತದೆ. ಬರ್ ಶಂಕುವಿನ ಆಕಾರದ್ದೂ ಇರುತ್ತದೆ, ಚಪ್ಪಟೆಯದೂ ಇರುತ್ತದೆ. ಮನೆಬಳಕೆಗೆ ಶಂಕುವಿನದು ಸಾಕು. ಸೆರಾಮಿಕ್ ಬರ್ ತುಕ್ಕು ಹಿಡಿಯದಿದ್ದರೂ ಬೀಜದ ಜೊತೆ ಬಂದ ಸಣ್ಣ ಕಲ್ಲಿಗೆ ಸಿಕ್ಕಿ ಮುಕ್ಕಾಗಬಹುದಾದ್ದರಿಂದ ಉಕ್ಕಿನ ಬರ್ ಲೇಸು.

ಕೈಯಿಂದ ತಿರುಗಿಸುವ ಗ್ರೈಂಡರ್ ಬೇಕೋ ವಿದ್ಯುತ್ತಿನದು ಬೇಕೋ ಎಂಬುದನ್ನು ನಿರ್ಧರಿಸುವುದು ಮನೆಯ ಜನಸಂಖ್ಯೆ. ಕೈ ಗ್ರೈಂಡರುಗಳು ಸಾಮಾನ್ಯವಾಗಿ ಒಮ್ಮೆಗೆ 20ರಿಂದ 30 ಗ್ರಾಂ ಬೀಜ ಹಿಡಿಯುತ್ತವೆ. ಒಬ್ಬಿಬ್ಬರಿರುವ ಮನೆಗೆ ಇದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ, ಏಕೆಂದರೆ ಮೋಟಾರಿಗೆ ಹೋಗಬೇಕಾದ ಹಣವೆಲ್ಲ ಇಲ್ಲಿ ಬರ್‌ನ ಗುಣಮಟ್ಟಕ್ಕೆ ಹೋಗಿರುತ್ತದೆ, 38 ಮಿ.ಮೀ. ಉಕ್ಕಿನ ಬರ್ ಇರುವ ಟೈಮ್‌ಮೋರ್ ಸಿ2 ಈ ವರ್ಗದ ಜನಪ್ರಿಯ ಮಾದರಿ. ಐದಾರು ಜನರಿಗೆ ಬೆಳಿಗ್ಗೆ, ಸಂಜೆ ಡಿಕಾಕ್ಷನ್ ಇಳಿಸುವ ಮನೆಯಲ್ಲಾದರೆ ದಿನವೂ ನಾಲ್ಕಾರು ಸಲ ಹಿಡಿ ತಿರುಗಿಸುವ ಉತ್ಸಾಹ ಬಹುಕಾಲ ಉಳಿಯುವುದಿಲ್ಲ. ಅವರು 40 ಹಂತಗಳ ಹೊಂದಾಣಿಕೆಯಿರುವ ಬರಾಟ್ಜಾ ಎನ್ಕೋರ್‌ನಂಥ ವಿದ್ಯುತ್ ಗ್ರೈಂಡರ್ ನೋಡಬೇಕು. ಯಾವುದೇ ಆಗಲಿ, ಅಂಗಡಿಯಲ್ಲಿ ಪರೀಕ್ಷಿಸುವ ಅವಕಾಶವಿದ್ದರೆ ಒಳಗಿನ ಬರ್ ಅನ್ನು ಬೆರಳಿನಿಂದ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಅದು ತೂಗಾಡಿದರೆ ಸಂದಿ ಒಂದೇ ಸಮ ಇರುವುದಿಲ್ಲ, ಪುಡಿಯೂ ಸಮನಾಗುವುದಿಲ್ಲ.

ಗ್ರೈಂಡರ್ ಕೊಳ್ಳಲಾಗದವರಿಗೂ ದಾರಿಯಿದೆ. ಬೀಜವನ್ನು ಕಣ್ಣೆದುರಿಗೇ ಪುಡಿ ಮಾಡಿಕೊಡುವ ಕಾಫಿಪುಡಿ ಅಂಗಡಿಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ, ಅಲ್ಲಿರುವುದು ದೊಡ್ಡ ಬರ್ ಯಂತ್ರವೇ. ತಿಂಗಳಿಗೊಮ್ಮೆ ಒಂದು ಕಿಲೊ ತರುವ ಬದಲು ವಾರಕ್ಕೊಮ್ಮೆ 200 ಗ್ರಾಂ ತಂದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ, ಹೊಸ ಸಲಕರಣೆ ಯಾವುದೂ ಇಲ್ಲದೆ ರುಚಿ ಬದಲಾಗುತ್ತದೆ.

ಯಾವ ಪಾತ್ರೆಗೆ ಯಾವ ಪುಡಿ

ನಮ್ಮ ಫಿಲ್ಟರಿಗೆ ಚಿರೋಟಿ ರವೆಯ ಹದ ಹೊಂದುತ್ತದೆ. ಫ್ರೆಂಚ್ ಪ್ರೆಸ್ಸಿಗೆ ಬನ್ಸಿ ರವೆಯಷ್ಟು ದಪ್ಪ ಬೇಕು. ಒಂದು ಗ್ರಾಂ ಪುಡಿಗೆ 15 ಮಿ.ಲೀ. ನೀರು ಹಾಕಿ ನಾಲ್ಕು ನಿಮಿಷ ಬಿಟ್ಟು ಒತ್ತಿದರೆ ಆಯಿತು. ಕಾಗದದ ಸೋಸುಹಾಳೆ ಬಳಸುವ ವಿ60ಯಂಥ ಡ್ರಿಪ್ಪರಿಗೆ ಇವೆರಡರ ನಡುವಿನ ಹದ. ಹಾಲಿಲ್ಲದ ಕಾಫಿ ಕುಡಿಯುವವರಿಗೆ ಡ್ರಿಪ್ಪರ್, ಗಟ್ಟಿ ಹಾಲಿನ ಕಾಫಿ ಬೇಕೆನ್ನುವವರಿಗೆ ಫಿಲ್ಟರ್ ಅಥವಾ ಮೋಕಾ ಪಾಟ್ ಸರಿ. 1933ರಲ್ಲಿ ಇಟಲಿಯಲ್ಲಿ ಬಂದ ಮೋಕಾ ಪಾಟ್ ಹಬೆಯ ಒತ್ತಡದಿಂದ ನೀರನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುವುದರಿಂದ ಐದಾರು ನಿಮಿಷದಲ್ಲಿ ಗಟ್ಟಿ ಕಾಫಿ ಸಿಗುತ್ತದೆ. ಎಸ್ಪ್ರೆಸೊ ಯಂತ್ರದ ವಿಷಯ ಬೇರೆ: ಸುಮಾರು 9 ಬಾರ್, ಅಂದರೆ ಗಾಳಿಯ ಸಾಮಾನ್ಯ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡದಲ್ಲಿ ಅದು ಕೆಲಸ ಮಾಡುವುದರಿಂದ ಬಹಳ ನುಣುಪಾಗಿ ಅರೆಯುವ, ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಹೊಂದಿಸಬಹುದಾದ ಗ್ರೈಂಡರ್ ಬೇಕಾಗುತ್ತದೆ. ಆ ಗ್ರೈಂಡರಿಗೆ ಹಣವಿಲ್ಲದಿದ್ದರೆ ಯಂತ್ರವನ್ನು ಸದ್ಯಕ್ಕೆ ಕೊಳ್ಳದಿರುವುದೇ ಒಳ್ಳೆಯದು.

ಫಿಲ್ಟರಿನಲ್ಲಿ ಹದ ಕಂಡುಕೊಳ್ಳುವುದು

ಇಲ್ಲಿ ಬೇಕಾಗುವ ಇನ್ನೊಂದೇ ಸಲಕರಣೆ ಅಡುಗೆಮನೆಯ ಚಿಕ್ಕ ತೂಕದ ಯಂತ್ರ, ಏಕೆಂದರೆ ಚಮಚದ ಲೆಕ್ಕ ದಿನದಿನಕ್ಕೆ ಬದಲಾಗುತ್ತದೆ. ಮೂರು ಲೋಟ ಕಾಫಿಗೆ 20 ಗ್ರಾಂ ಪುಡಿ, 120 ಮಿ.ಲೀ. ನೀರಿನಿಂದ ಆರಂಭಿಸಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿ ಉಳಿಸಿಕೊಳ್ಳುವುದರಿಂದ ಕೆಳಗಿನ ಪಾತ್ರೆಗೆ ಇಳಿಯುವುದು 80 ಮಿ.ಲೀ. ಡಿಕಾಕ್ಷನ್. ಪುಡಿಯನ್ನು ಸಮ ಮಾಡಿ, ಒತ್ತುತಟ್ಟೆಯನ್ನು ಹಗುರವಾಗಿ ಮೇಲಿಟ್ಟು, ಕುದಿ ಬಂದ ನೀರನ್ನು ಅರ್ಧ ನಿಮಿಷ ಆರಲು ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ. ಅರ್ಧ ನಿಮಿಷದ ನಂತರ ಉಳಿದದ್ದನ್ನು ಸುರಿದು ಮುಚ್ಚಿ.

ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದಲ್ಲಿ ನೀರೆಲ್ಲ ಇಳಿದರೆ ಹದ ಸರಿಯಿದೆ. ಐದು ನಿಮಿಷಕ್ಕೇ ಇಳಿದು ಡಿಕಾಕ್ಷನ್ ತೆಳ್ಳಗಿದ್ದರೆ ಗ್ರೈಂಡರನ್ನು ಒಂದೆರಡು ಹಂತ ನುಣುಪಿಗೆ ತಿರುಗಿಸಿ. ಅರ್ಧ ಗಂಟೆಯಾದರೂ ನೀರು ನಿಂತೇ ಇದ್ದರೆ ದಪ್ಪಕ್ಕೆ ತಿರುಗಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು; ಪುಡಿಯ ಹದವನ್ನೂ ಪ್ರಮಾಣವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಚಿಕೋರಿ ಬಿಟ್ಟು ಶುದ್ಧ ಕಾಫಿಗೆ ಬಂದವರಿಗೆ ಮೊದಲ ದಿನ ಡಿಕಾಕ್ಷನ್ ನೀರಾದಂತೆ ಕಾಣುವುದು ಸಹಜ. ಚಿಕೋರಿ ನೀರನ್ನು ಹಿಡಿದಿಟ್ಟು ಇಳಿತವನ್ನು ನಿಧಾನ ಮಾಡುತ್ತದೆ, ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಅದಿಲ್ಲದಾಗ ಪುಡಿ ಇನ್ನಷ್ಟು ನುಣುಪಾಗಿರಬೇಕು, ಪ್ರಮಾಣವೂ ತುಸು ಹೆಚ್ಚಬೇಕು. ಚಿಕೋರಿಯ ರುಚಿಯೇ ಇಷ್ಟವಾದವರು ಅದನ್ನು ಪ್ರತ್ಯೇಕವಾಗಿ ತಂದು, ಮನೆಯಲ್ಲಿ ಪುಡಿ ಮಾಡಿದ ಕಾಫಿಗೆ ತಮಗೆ ಬೇಕಾದಷ್ಟೇ ಬೆರೆಸಿಕೊಳ್ಳಬಹುದು.

ನೀರಿನ ಕಡೆಗೂ ಗಮನವಿರಲಿ. ಗಡುಸಾದ ಬೋರ್‌ವೆಲ್ ನೀರಿನಲ್ಲಿ ಕಾಫಿ ಮಂಕಾಗುತ್ತದೆ, ಲವಣವೆಲ್ಲ ಹೋದ ಆರ್‌ಒ ನೀರಿನಲ್ಲಿ ಸಪ್ಪೆಯಾಗುತ್ತದೆ. ಎರಡೂ ಮನೆಯಲ್ಲಿ ಲಭ್ಯವಿದ್ದರೆ ಬೆರೆಸಿ ಬಳಸಿ ನೋಡಿ.

ಬರ್‌ಗೆ ಅಂಟಿದ ಕಾಫಿಯ ಎಣ್ಣೆ ಹಳಸಿ ಹೊಸ ಪುಡಿಗೂ ಕಮಟು ತರುವುದರಿಂದ ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಗುಡಿಸಬೇಕು; ಉಕ್ಕಿನ ಬರ್‌ಗೆ ನೀರು ತಾಗಿಸಬಾರದು. ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯನ್ನು ಆಗಾಗ ಬೆಳಕಿಗೆ ಹಿಡಿದು, ತೂತುಗಳು ಮುಚ್ಚಿದ್ದರೆ ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯ ಮೇಲೆ ಕಾಯಿಸಿ, ಆರಿದ ಮೇಲೆ ಉಜ್ಜಿ ತೊಳೆಯಿರಿ. ಡಿಕಾಕ್ಷನ್ ಇದ್ದಕ್ಕಿದ್ದಂತೆ ಇಳಿಯದಾದಾಗ ಗ್ರೈಂಡರಿನ ಹಂತ ಬದಲಿಸುವ ಮೊದಲು ನೋಡಬೇಕಾದದ್ದು ಈ ತೂತುಗಳನ್ನು.